ಸೀಟು ಯಾರದು? ರೈಲು ಪ್ರಯಾಣದ ಹಕ್ಕು ಮತ್ತು ಮರ್ಯಾದೆ

1917ನೆಯ ಇಸವಿಯ ಸೆಪ್ಟೆಂಬರ್ 12ರಂದು ಮಹಾತ್ಮಾ ಗಾಂಧಿಯವರು ಮುಂಬಯಿಯಿಂದ ಮದ್ರಾಸಿಗೆ ಹೊರಟ ಮೇಲ್ ಗಾಡಿಯನ್ನು ಹತ್ತಿದರು. ಮೂರನೆಯ ದರ್ಜೆಯ ಟಿಕೆಟ್ಟಿಗೆ ಅವರು ತೆತ್ತದ್ದು 13 ರೂಪಾಯಿ 9 ಆಣೆ. ಬೋಗಿಯಲ್ಲಿ 22 ಜನರಿಗೆ ಸ್ಥಳವೆಂದು ಬರೆದಿತ್ತು; ಅದೂ ಕುಳಿತುಕೊಳ್ಳಲು ಮಾತ್ರ. ಎರಡು ರಾತ್ರಿಗಳ ಪ್ರಯಾಣಕ್ಕೆ ಮಲಗುವ ಏರ್ಪಾಡು ಇರಲಿಲ್ಲ. ಪುಣೆಯವರೆಗೆ ಒಳಗಿದ್ದ ಗಟ್ಟಿಗರು ಹೊರಗಿನವರನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸಿದರು. ರಾಯಚೂರು ದಾಟಿದ ಮೇಲೆ ಆ ತಡೆಯೂ ಮುರಿಯಿತು. ಗಾರ್ಡು ಬಂದದ್ದು ಇನ್ನಷ್ಟು ಜನರನ್ನು ಒಳಗೆ ನೂಕುವುದಕ್ಕೆ. ರಾತ್ರಿಯ ಬಹುಭಾಗ ಆ ಬೋಗಿಯಲ್ಲಿದ್ದವರು 35 ಮಂದಿ. ಕೆಲವರು ಕಸದ ನಡುವೆ ನೆಲದ ಮೇಲೆ ಮಲಗಿದರು, ಕೆಲವರು ನಿಂತೇ ಇದ್ದರು. ಒಂದು ಹಂತದಲ್ಲಿ ಕೈಕೈ ಮಿಲಾಯಿಸುವುದೊಂದು ಬಾಕಿಯಿತ್ತು. ವಯಸ್ಸಾದ ಕೆಲವು ಪ್ರಯಾಣಿಕರು ನಡುವೆ ಬಂದು ಅದನ್ನು ತಪ್ಪಿಸಿದರು. ಅದೇ ತಿಂಗಳ 25ರಂದು ರಾಂಚಿಯಿಂದ ಬರೆದ ಪತ್ರದಲ್ಲಿ ಗಾಂಧಿಯವರು ಈ ವಿವರಗಳನ್ನು ದಾಖಲಿಸಿದ್ದಾರೆ.

ರಾಯಚೂರು ದಾಟಿದ ಮೇಲೆ ಬರುವ ಹಾದಿ ಯಾವುದೆಂದು ಈ ಸೀಮೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಟಮಾರಿ, ತುಂಗಭದ್ರೆಯ ಸೇತುವೆ, ಮಂತ್ರಾಲಯ ರೋಡ್, ಕೋಸಿಗಿ, ಕುಪಗಲ್ಲು, ಇಸವಿ, ಆದವಾನಿ, ಆಸ್ಪರಿ, ಗುಂತಕಲ್ಲು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದಂದಿನಿಂದ ಈ ದಾರಿಯಲ್ಲಿ ಗಾಡಿಗಳು ಓಡುತ್ತಿವೆ. ಗಾಂಧಿಯವರು ಹಾದುಹೋದಾಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳೊಡನೆ ಅದು ಆಂಧ್ರಕ್ಕೆ ಸೇರಿತು. ಗಡಿ ಬದಲಾಯಿತು, ಬಂಧುಬಳಗ ಬದಲಾಗಲಿಲ್ಲ. ಮಗಳನ್ನು ಕೊಟ್ಟ ಮನೆ ರಾಯಚೂರಿನಲ್ಲಿ, ಮಗನ ಕಾಲೇಜು ಬಳ್ಳಾರಿಯಲ್ಲಿ, ಅಣ್ಣನ ಉದ್ಯೋಗ ಬೆಂಗಳೂರಿನಲ್ಲಿ. ಆದ್ದರಿಂದ ಇಲ್ಲಿನ ಕನ್ನಡ ಶಾಲೆಗಳ ಮಕ್ಕಳ ಕುಟುಂಬಗಳಿಗೆ ರೈಲು ಎಂಬುದು ವಿಹಾರದ ವಾಹನವಲ್ಲ. ನಿತ್ಯಜೀವನದ ಒಂದು ಭಾಗ. ಆ ಗಾಡಿಯೊಳಗಿನ ಜಗಳವೂ ಹಾಗೆಯೇ.

ಜಾಗ ಕಡಿಮೆ, ಜನ ಹೆಚ್ಚು

ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್‌ಗಳು, ಈಗಿನ ಎಲ್.ಎಚ್.ಬಿ. ಬೋಗಿಯಲ್ಲಿ 80. ಸಾಮಾನ್ಯ ದರ್ಜೆಯ ಬೋಗಿಯಲ್ಲಿ ಸುಮಾರು 90ರಿಂದ 100 ಜನ ಕೂಡಬಹುದು. ಇಪ್ಪತ್ತಕ್ಕೂ ಹೆಚ್ಚು ಬೋಗಿಗಳ ಉದ್ದನೆಯ ಗಾಡಿಯಲ್ಲಿ ಈ ಸಾಮಾನ್ಯ ಬೋಗಿಗಳು ಎರಡೋ ನಾಲ್ಕೋ ಇರುತ್ತವೆ. ಉದ್ಯಾನ್ ಎಕ್ಸ್‌ಪ್ರೆಸ್ ಆಗಲಿ, ಕರ್ನಾಟಕ ಎಕ್ಸ್‌ಪ್ರೆಸ್ ಆಗಲಿ ಆದವಾನಿಯ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅವು ತುಂಬಿಹೋಗಿರುತ್ತವೆ. ನಿಲ್ಲುವ ಅವಧಿ ಕೆಲವೇ ನಿಮಿಷ. ಮೂಟೆ, ಮಕ್ಕಳು, ಮುದುಕರನ್ನು ಕಟ್ಟಿಕೊಂಡು ಬೋಗಿಯ ಬಾಗಿಲು ಹುಡುಕುತ್ತ ಓಡುವವರು ಕೈಗೆ ಸಿಕ್ಕಿದ ಬಾಗಿಲನ್ನೇ ಹತ್ತುತ್ತಾರೆ. ಹತ್ತಿದ ಬೋಗಿ ಸ್ಲೀಪರ್ ಆಗಿದ್ದರೆ ಅಲ್ಲಿಂದ ವಾದ ಆರಂಭ.

ಶ್ರಾವಣದಲ್ಲಿ ಮಂತ್ರಾಲಯದ ಆರಾಧನೆ ಬಂದರೆ ಈ ಒತ್ತಡ ಇಮ್ಮಡಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇನ್ನೊಂದು ಬಗೆಯ ಜನ ಪ್ಲಾಟ್‌ಫಾರ್ಮಿನ ಮೇಲೆ ಕಾಣಿಸಿಕೊಳ್ಳುತ್ತಾರೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಹಳ್ಳಿಗಳಿಂದ ಗುಳೆ ಹೊರಟ ಕೂಲಿಕಾರರು. ಪಾತ್ರೆಪರಡಿ, ಜೋಳದ ಚೀಲ, ಎತ್ತಿಕೊಂಡ ಕೂಸು, ಶಾಲೆ ಬಿಟ್ಟು ಜೊತೆಗೆ ಬಂದ ಹತ್ತು ವರ್ಷದ ಹುಡುಗಿ. ಅವರಿಗೆ 60 ದಿನ ಮೊದಲು ಟಿಕೆಟ್ಟು ಕಾಯ್ದಿರಿಸುವ ಸೌಕರ್ಯವೂ ಇಲ್ಲ, ತಾವು ಹೊರಡುವ ದಿನ ಯಾವುದೆಂಬ ಅರಿವೂ ಇಲ್ಲ. ಹತ್ತಿ ಬಿಡಿಸುವ ಕೆಲಸವಾಗಲಿ ಕಟ್ಟಡದ ಕೆಲಸವಾಗಲಿ ಕರೆ ಬಂದ ದಿನವೇ ಅವರ ಪ್ರಯಾಣದ ದಿನ.

ಹೀಗೆ ಒಂದೇ ಬೋಗಿಯಲ್ಲಿ ಎರಡು ನ್ಯಾಯಗಳು ಎದುರುಬದುರಾಗುತ್ತವೆ. ಎರಡು ತಿಂಗಳ ಮೊದಲೇ ಹಣ ಕಟ್ಟಿ ಬರ್ತ್ ಪಡೆದವನದು ಒಂದು. ಟಿಕೆಟ್ಟು ಪಡೆದೂ ಕಾಲಿಡಲು ಜಾಗವಿಲ್ಲದವನದು ಇನ್ನೊಂದು. “ಅಣ್ಣಾ, ಸ್ವಲ್ಪ ಸರಕೊಳ್ರಿ” ಎಂದು ಕನ್ನಡದಲ್ಲಿಯೂ “ಅನ್ನಾ, ಕೊಂಚೆಂ ಜರಗಂಡಿ” ಎಂದು ತೆಲುಗಿನಲ್ಲಿಯೂ “ಥೋಡಾ ಸರಕೋ ಭಾಯ್” ಎಂದು ಉರ್ದುವಿನಲ್ಲಿಯೂ ಕೇಳಿಬರುವುದು ಒಂದೇ ಕೋರಿಕೆ. ಅದಕ್ಕೆ ಕಾನೂನು ಕೊಡುವ ಉತ್ತರ ಒಂದು, ಮನುಷ್ಯರು ಕೊಡಬೇಕಾದ ಉತ್ತರ ಕೆಲವೊಮ್ಮೆ ಮತ್ತೊಂದು. ಎರಡನ್ನೂ ಬೇರೆಬೇರೆಯಾಗಿ ತಿಳಿದಿರುವುದು ಒಳ್ಳೆಯದು.

ಕಾನೂನು ಹೇಳುವುದೇನು

1989ರ ರೈಲ್ವೆ ಕಾಯ್ದೆಯ 155ನೆಯ ಕಲಮು ಈ ವಿವಾದಕ್ಕೆ ನೇರವಾಗಿ ಸಂಬಂಧಿಸಿದ್ದು. ತನಗೆ ಬರ್ತ್ ಅಥವಾ ಸೀಟು ಕಾಯ್ದಿರಿಸದ ಬೋಗಿಯೊಳಗೆ ಬಂದವನಾಗಲಿ, ಇನ್ನೊಬ್ಬರಿಗೆ ಕಾಯ್ದಿರಿಸಿದ ಸ್ಥಳದಲ್ಲಿ ಅಧಿಕಾರವಿಲ್ಲದೆ ಕುಳಿತವನಾಗಲಿ, ಅಧಿಕೃತ ರೈಲ್ವೆ ನೌಕರನು ಎದ್ದುಹೋಗೆಂದು ಹೇಳಿದ ಮೇಲೂ ಹೋಗಲೊಪ್ಪದಿದ್ದರೆ ಆ ನೌಕರನು ಅವನನ್ನು ಹೊರಹಾಕಬಹುದು. ಅದಕ್ಕೆ ಇತರರ ನೆರವನ್ನೂ ಪಡೆಯಬಹುದು. ಮೇಲಾಗಿ 500 ರೂಪಾಯಿಯವರೆಗೆ ದಂಡವುಂಟು.

ಈ ಮಾತುಗಳನ್ನು ನಿಧಾನವಾಗಿ ಓದಬೇಕು. ಹೊರಹಾಕುವ ಅಧಿಕಾರ ಇರುವುದು ರೈಲ್ವೆ ನೌಕರನಿಗೆ, ಟಿಕೆಟ್ಟು ಹಿಡಿದ ಪ್ರಯಾಣಿಕನಿಗಲ್ಲ. ಟಿ.ಟಿ.ಇ. ಬಂದು ಹೇಳಿ, ಎದುರಿನವನು ನಿರಾಕರಿಸಿದಾಗಲೇ ಈ ಕಲಮಿನ ಅಪರಾಧ ಪೂರ್ಣವಾಗುತ್ತದೆ. ಅದಕ್ಕೆ ಮೊದಲೇ ಕುಳಿತವನ ತೋಳು ಹಿಡಿದು ಎಳೆದರೆ, ಅವನ ಗಂಟನ್ನು ಕಿಟಕಿಯಿಂದಾಚೆ ಎಸೆದರೆ, ಸೀಟಿನ ಹಕ್ಕು ಉಳ್ಳವನೇ ಹಲ್ಲೆಯ ಆರೋಪಕ್ಕೆ ಗುರಿಯಾಗಬಹುದು. ಹಕ್ಕು ನಿಜವಾದದ್ದೇ ಆದರೂ ಅದನ್ನು ಸ್ವಂತ ತೋಳ್ಬಲದಿಂದ ಜಾರಿಗೆ ತರಲು ಕಾನೂನು ಅನುಮತಿಸುವುದಿಲ್ಲ.

ಆದ್ದರಿಂದ ಸರಿಯಾದ ಕ್ರಮ ಇಷ್ಟು. ಮೊದಲು ಬೋಗಿ, ಬರ್ತ್, ತಾರೀಕುಗಳನ್ನು ತಾನೇ ಇನ್ನೊಮ್ಮೆ ನೋಡಿಕೊಳ್ಳುವುದು. ಬಳಿಕ ಟಿಕೆಟ್ಟು ತೋರಿಸಿ ಸೌಜನ್ಯದಿಂದ ಕೇಳುವುದು. ಒಪ್ಪದಿದ್ದರೆ ಟಿ.ಟಿ.ಇ.ಯನ್ನು ಕರೆಯುವುದು. ಅವರು ಸಿಗದಿದ್ದರೆ 139ಕ್ಕೆ ಫೋನು ಮಾಡಿಯೋ ರೈಲ್ ಮದದ್ ಮೂಲಕವೋ ಪಿ.ಎನ್.ಆರ್. ಸಂಖ್ಯೆ ಕೊಟ್ಟು ದೂರು ದಾಖಲಿಸುವುದು. ಸೀಟಿನ ಜಗಳಕ್ಕಾಗಿ ಸರಪಳಿ ಎಳೆಯುವುದು ಯಾವ ಕಾರಣಕ್ಕೂ ಕೂಡದು. ಸಕಾರಣವಿಲ್ಲದೆ ಸರಪಳಿ ಎಳೆದವನಿಗೆ 141ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

155ನೆಯ ಕಲಮಿಗೆ ಎರಡನೆಯ ಭಾಗವೊಂದಿದೆ. ಅದನ್ನು ಬಲ್ಲವರು ಕಡಿಮೆ. ಕಾಯ್ದಿರಿಸದ ಬೋಗಿಯೊಳಗೆ ನ್ಯಾಯವಾಗಿ ಬರುವ ಪ್ರಯಾಣಿಕನನ್ನು ಇನ್ನೊಬ್ಬ ಪ್ರಯಾಣಿಕ ತಡೆದರೆ 200 ರೂಪಾಯಿಯವರೆಗೆ ದಂಡ. 1917ರಲ್ಲಿ ಪುಣೆಯವರೆಗೆ ಬಾಗಿಲು ಕಾದ ಗಟ್ಟಿಗರ ಸಂತತಿ ಇಂದಿಗೂ ಸಾಮಾನ್ಯ ಬೋಗಿಯ ಬಾಗಿಲಲ್ಲಿ ಇದ್ದೇ ಇದೆ. ಕಿಟಕಿಯಿಂದ ಟವೆಲು ಎಸೆದು ನಾಲ್ಕು ಸೀಟು ಹಿಡಿಯುವ ಪದ್ಧತಿಯೂ ಇದೆ. ಟವೆಲಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಸಾಮಾನ್ಯ ಬೋಗಿಯಲ್ಲಿ ಕುಳಿತವನಿಗೆ ತಾನು ಕುಳಿತಷ್ಟೇ ಜಾಗ.

ವೇಟಿಂಗ್ ಪಟ್ಟಿಯ ಟಿಕೆಟ್ಟಿನ ಬಗೆಗೂ ತಪ್ಪುಕಲ್ಪನೆಗಳಿವೆ. ಇ-ಟಿಕೆಟ್ಟು ಚಾರ್ಟ್ ಸಿದ್ಧವಾದ ಮೇಲೂ ಪೂರ್ತಿಯಾಗಿ ವೇಟಿಂಗ್‌ನಲ್ಲಿಯೇ ಉಳಿದರೆ ತಾನಾಗಿ ರದ್ದಾಗುತ್ತದೆ, ಹಣ ಮರಳುತ್ತದೆ. ಅದನ್ನು ತೋರಿಸಿ ಪ್ರಯಾಣ ಮಾಡುವಂತಿಲ್ಲ. ಕೌಂಟರಿನಲ್ಲಿ ಪಡೆದ ವೇಟಿಂಗ್ ಟಿಕೆಟ್ಟು ಸಾಮಾನ್ಯ ಬೋಗಿಗೆ ಮಾತ್ರ ಸಲ್ಲುತ್ತದೆ. ಆರ್.ಎ.ಸಿ. ಬೇರೆ, ಪಕ್ಕದ ಸಾಲಿನ ಕೆಳಬರ್ತಿನಲ್ಲಿ ಇಬ್ಬರಿಗೂ ಕೂಡುವ ಹಕ್ಕು ಸಮ. ಮೊದಲು ಬಂದು ಕಾಲು ಚಾಚಿದವನಿಗೆ ಅಲ್ಲಿ ಹೆಚ್ಚಿನ ಅಧಿಕಾರವಿಲ್ಲ.

ಅದಲುಬದಲಿನ ನ್ಯಾಯ

ಕುಟುಂಬಸಮೇತ ಹೋಗುವವರ ಮುಖ್ಯ ತೊಂದರೆ, ಬರ್ತ್‌ಗಳು ಚದುರಿ ಬರುವುದು. ತಾಯಿಗೆ ಮೇಲಿನದು, ಮಗುವಿಗೆ ಇನ್ನೊಂದು ಬೋಗಿ. ಆಗ ಅದಲುಬದಲು ಮಾಡಿಕೊಳ್ಳುವುದು ಸಹಜ. ಕಾಯ್ದೆಯ 53ನೆಯ ಕಲಮು ಒಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹೋಗಬಾರದೆಂದು ನಿಷೇಧಿಸುತ್ತದೆ. ಆದರೆ ಅದೇ ಗಾಡಿಯ ಪ್ರಯಾಣಿಕರು ಪರಸ್ಪರ ಒಪ್ಪಿ ಸೀಟು ಬದಲಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲವೆಂದು ಅಲ್ಲಿಯೇ ಸ್ಪಷ್ಟವಾಗಿ ಹೇಳಿದೆ.

“ಪರಸ್ಪರ” ಎಂಬ ಮಾತು ಇಲ್ಲಿ ಮುಖ್ಯ. ಮೊದಲೇ ಬಂದು ಇನ್ನೊಬ್ಬರ ಕಿಟಕಿಯ ಬದಿಯಲ್ಲಿ ಹಾಸಿಗೆ ಹಾಸಿ, ಅವರು ಬಂದ ಮೇಲೆ “ನೀವು ಆ ಕಡೆ ಹೋಗಿರಿ” ಎಂದರೆ ಅದು ಕೋರಿಕೆಯಲ್ಲ, ಆಕ್ರಮಣ. ಕೇಳುವವರು ತಮ್ಮ ಸ್ಥಳದಲ್ಲಿ ನಿಂತು ಕೇಳಬೇಕು. ಕೊಡುವುದು ಪಡೆಯುವುದಕ್ಕಿಂತ ಕಡಿಮೆಯದಾಗಿರಬಾರದು. ಕೆಳಬರ್ತಿಗೆ ಪ್ರತಿಯಾಗಿ ಶೌಚಾಲಯದ ಪಕ್ಕದ ಮೇಲಿನ ಬರ್ತನ್ನು ನೀಡುವುದು ವಿನಿಮಯವೆನಿಸದು. ಎದುರಿನವರು ಒಲ್ಲೆನೆಂದರೆ ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ. ಮಂಡಿನೋವು, ಶಸ್ತ್ರಚಿಕಿತ್ಸೆ, ಮೂತ್ರದ ತೊಂದರೆ ಇವುಗಳನ್ನು ಅಪರಿಚಿತರ ನಡುವೆ ಬಾಯಿಬಿಟ್ಟು ಹೇಳಲು ಎಲ್ಲರಿಗೂ ಆಗುವುದಿಲ್ಲ. 60 ತುಂಬಿದ ಗಂಡಸರಿಗೂ 45 ತುಂಬಿದ ಹೆಂಗಸರಿಗೂ ಗರ್ಭಿಣಿಯರಿಗೂ ಸ್ಲೀಪರ್ ಬೋಗಿಯಲ್ಲಿ ಕೆಲವು ಕೆಳಬರ್ತ್‌ಗಳನ್ನು ಮೀಸಲಿಟ್ಟಿರುವುದು ಇಂಥ ಕಾರಣಗಳಿಗಾಗಿಯೇ.

ಬದಲಿಸಿಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: “ತಾವು ಎಲ್ಲಿಯವರೆಗೆ?” ಆದವಾನಿಯಿಂದ ಬೆಂಗಳೂರಿಗೆ ಹೊರಟವರು ಗುಂತಕಲ್ಲಿನಲ್ಲಿ ಇಳಿಯುವವರ ಬರ್ತನ್ನು ಪಡೆದರೆ, ಗುಂತಕಲ್ಲಿನಲ್ಲಿ ಅದೇ ಬರ್ತಿಗೆ ಟಿಕೆಟ್ಟು ಪಡೆದ ಇನ್ನೊಬ್ಬರು ಹತ್ತಬಹುದು. ಆಗ ಮಲಗಿದ ಮಕ್ಕಳನ್ನು ಎಬ್ಬಿಸುವುದೊಂದೇ ದಾರಿ. ಬದಲಾವಣೆಯನ್ನು ಟಿ.ಟಿ.ಇ.ಗೆ ತಿಳಿಸಿದರೆ ಇಂಥ ತೊಡಕು ಮೊದಲೇ ಗೊತ್ತಾಗುತ್ತದೆ.

ರಾತ್ರಿ ಹತ್ತು, ಬೆಳಗ್ಗೆ ಆರು

2017ರ ಸೂಚನೆಯಂತೆ ಮಲಗುವ ಅವಧಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ. ಅದಕ್ಕೆ ಮೊದಲು ಅದು 9ಕ್ಕೇ ಆರಂಭವಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ಬರ್ತುಗಳು ಕೂಡುವ ಸ್ಥಳ. ಹಗಲಿನಲ್ಲಿ ಕೆಳಬರ್ತಿನವರು ಮಲಗಿ, ಮಧ್ಯದ ಮತ್ತು ಮೇಲಿನ ಬರ್ತಿನವರನ್ನು ನಿಲ್ಲಿಸುವಂತಿಲ್ಲ. ರಾತ್ರಿ 10 ದಾಟಿದ ಮೇಲೆ ಮಧ್ಯದ ಬರ್ತನ್ನು ಬಿಡಿಸಬೇಡಿರೆಂದು ಕೆಳಗಿನವರು ಹೇಳುವಂತಿಲ್ಲ. ಬೆಳಗ್ಗೆ 6 ಆದ ಮೇಲೆ ಮಧ್ಯದವರು ಬರ್ತ್ ಮಡಚಲಾರೆನೆನ್ನುವಂತಿಲ್ಲ. ಆದರೆ ರೋಗಿಗಳು, ಗರ್ಭಿಣಿಯರು, ಅಂಗವಿಕಲರು ಇನ್ನಷ್ಟು ಹೊತ್ತು ಮಲಗಬಯಸಿದರೆ ಸಹಪ್ರಯಾಣಿಕರು ಸಹಕರಿಸಬೇಕೆಂದು ಅದೇ ಸೂಚನೆ ಕೋರುತ್ತದೆ.

ನಡುರಾತ್ರಿಯಲ್ಲಿ ಹತ್ತುವವರಿಗೆ ಒಂದು ಎಚ್ಚರಿಕೆ ಅವಶ್ಯ. ರಾತ್ರಿ 12 ಕಳೆದರೆ ತಾರೀಕು ಬದಲಾಗುತ್ತದೆ. 14ರ ರಾತ್ರಿ ಮನೆಯಲ್ಲಿ ಊಟ ಮುಗಿಸಿ, 12 ಗಂಟೆ 30 ನಿಮಿಷದ ಗಾಡಿಗೆ ಹೋಗಬೇಕಾದವರ ಟಿಕೆಟ್ಟು 15ನೆಯ ತಾರೀಕಿನದಾಗಿರಬೇಕು. 14ಕ್ಕೆ ತೆಗೆದಿದ್ದರೆ ಅವರ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಇಬ್ಬರ ಕೈಯಲ್ಲಿಯೂ ಒಂದೇ ಬೋಗಿ, ಒಂದೇ ಸಂಖ್ಯೆಯ ಟಿಕೆಟ್ಟು ಇದ್ದು ಜಗಳ ತಾರಕಕ್ಕೇರಿದಾಗ ಮೂಲ ಹೀಗೆ ತಾರೀಕಿನಲ್ಲಿಯೇ ಇರುವುದುಂಟು. ಮಲಗಿದವರನ್ನು ಎಬ್ಬಿಸುವ ಮೊದಲು ತಾರೀಕು ನೋಡುವುದು, ದೊಡ್ಡ ದೀಪ ಹಾಕದೆ ಫೋನಿನ ಬೆಳಕಿನಲ್ಲಿ ಸಂಖ್ಯೆ ಹುಡುಕುವುದು, ಮೆಲ್ಲನೆ ಮಾತಾಡುವುದು ಇವು ಸಣ್ಣ ನಡತೆಗಳು. ಬೋಗಿಯ 72 ಜನರ ನಿದ್ರೆ ಅವುಗಳ ಮೇಲೆ ನಿಂತಿದೆ. ಹತ್ತುವ ನಿಲ್ದಾಣವನ್ನು ಬದಲಿಸಬೇಕಾದರೂ ಮುಂಚಿತವಾಗಿ ದಾಖಲಿಸಬೇಕು. ಆದವಾನಿಯ ಟಿಕೆಟ್ಟು ಹಿಡಿದು ತಿಳಿಸದೆ ಗುಂತಕಲ್ಲಿನಲ್ಲಿ ಹತ್ತಿದರೆ, ಬಾರದವರ ಬರ್ತೆಂದು ಅದು ಇನ್ನೊಬ್ಬರಿಗೆ ಸಂದಿರಬಹುದು.

ಮಕ್ಕಳ ಟಿಕೆಟ್ಟಿನ ವಿಷಯವೂ ಪಾಲಕರಿಗೆ ತಿಳಿದಿರಲಿ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ಟು ಬೇಡ, ಬರ್ತೂ ಇಲ್ಲ. 5ರಿಂದ 12 ತುಂಬುವವರೆಗಿನ ಮಕ್ಕಳಿಗೆ 2016ರಿಂದ ಎರಡು ದಾರಿ: ಅರ್ಧ ಹಣ ಕೊಟ್ಟರೆ ಪ್ರತ್ಯೇಕ ಬರ್ತ್ ಇಲ್ಲ, ಬರ್ತ್ ಬೇಕಾದರೆ ಪೂರ್ಣ ಹಣ. ಅರ್ಧ ಟಿಕೆಟ್ಟು ತೆಗೆದು ಮಗುವನ್ನು ಇನ್ನೊಬ್ಬರ ಸೀಟಿನಲ್ಲಿ ಮಲಗಿಸಿ “ಮಗುವಲ್ಲವೇ” ಎನ್ನುವುದು, ಆ ಮಗುವಿಗೆ ಹೇಳಿಕೊಡುವ ಮೊದಲ ಅನ್ಯಾಯದ ಪಾಠವಾಗುತ್ತದೆ.

ನೆಲದ ಮೇಲೆ ಕುಳಿತವರು

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸ್ಲೀಪರ್ ಬೋಗಿಯ ಬಾಗಿಲ ಬಳಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತ ತಾಯಿಯನ್ನು ಏನು ಮಾಡಬೇಕು? 155ನೆಯ ಕಲಮಿನ ಪ್ರಕಾರ ಆಕೆ ಅಲ್ಲಿರಬಾರದು. ಆಕೆಯ ಮಗಳು ಕಳೆದ ತಿಂಗಳವರೆಗೆ ಇದೇ ಸೀಮೆಯ ಯಾವುದೋ ಶಾಲೆಯ ಬೆಂಚಿನಲ್ಲಿ ಕುಳಿತಿದ್ದವಳಾಗಿರಬಹುದು.

ಕಾನೂನು ಪೂರ್ತಿ ಕಲ್ಲೆದೆಯದಲ್ಲ. ಹಣ ಕಟ್ಟದವರನ್ನು ಗಾಡಿಯಿಂದ ಇಳಿಸುವ ಅಧಿಕಾರ ಕೊಡುವ 139ನೆಯ ಕಲಮಿನಲ್ಲಿಯೇ ಒಂದು ನಿರ್ಬಂಧವಿದೆ. ಜೊತೆಯಲ್ಲಿ ಗಂಡಸರಿಲ್ಲದ ಹೆಂಗಸನ್ನಾಗಲಿ ಮಗುವನ್ನಾಗಲಿ ಕಂಡಕಂಡಲ್ಲಿ ಇಳಿಸಕೂಡದು. ಅವರು ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರ ಇವುಗಳಲ್ಲಿ ಮಾತ್ರ, ಅದೂ ಹಗಲಿನಲ್ಲಿ ಮಾತ್ರ ಇಳಿಸಬೇಕು. ಟಿಕೆಟ್ಟೇ ಇಲ್ಲದವರಿಗೆ ಇಷ್ಟು ಕಾಳಜಿ ತೋರಿದ ಕಾನೂನು, ಟಿಕೆಟ್ಟಿದ್ದೂ ಜಾಗವಿಲ್ಲದವರ ಬಗ್ಗೆ ಬರ್ತಿನ ಒಡೆಯನಿಂದ ಔದಾರ್ಯವನ್ನು ಬಲವಂತವಾಗಿ ವಸೂಲು ಮಾಡುವುದಿಲ್ಲ. ಅದನ್ನು ಅವನ ವಿವೇಕಕ್ಕೆ ಬಿಟ್ಟಿದೆ.

ವಿವೇಕಕ್ಕೂ ಒಂದು ಅಳತೆ ಬೇಕು. ಹಗಲು ಹೊತ್ತಿನಲ್ಲಿ, ಒಂದೆರಡು ನಿಲ್ದಾಣಗಳಷ್ಟು ದೂರ, ಕೂಸುಳ್ಳ ತಾಯಿಗೋ ಮುದುಕರಿಗೋ ಸೀಟಿನ ಅಂಚು ಬಿಟ್ಟುಕೊಟ್ಟರೆ ಯಾರ ಹಕ್ಕೂ ಕರಗುವುದಿಲ್ಲ. ರಾತ್ರಿ ಮಲಗುವ ಹೊತ್ತಿನಲ್ಲಿ ಬರ್ತಿನ ಮೇಲೆ ಮೂವರು ಅಪರಿಚಿತ ಗಂಡಸರು ಕುಳಿತು, ಒಂಟಿಯಾಗಿ ಹೊರಟ ಕಾಲೇಜು ಹುಡುಗಿಗೆ “ಅಡ್ಜಸ್ಟ್ ಮಾಡಿಕೊಳ್ಳಮ್ಮ” ಎಂದರೆ ಅದು ಬೇರೆಯೇ ಮಾತು. ಅಲ್ಲಿ ಆಕೆ ಟಿ.ಟಿ.ಇ.ಯನ್ನು ಕರೆದರೆ ನಿರ್ದಯಳಾಗುವುದಿಲ್ಲ. ಬಿಟ್ಟುಕೊಡುವುದು ಕೊಡುವವರ ಮನಸ್ಸಿನಿಂದ ಬರಬೇಕು, ಕೇಳುವವರ ದಬಾವಣೆಯಿಂದಲ್ಲ. ಮಗಳನ್ನು ದೂರದ ಊರಿಗೆ ಕಳಿಸುವ ಪಾಲಕರು ಈ ವ್ಯತ್ಯಾಸವನ್ನು ಆಕೆಗೆ ಮೊದಲೇ ಹೇಳಿ, 139 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿರಬೇಕು.

ದೂರಿನ ದಾರಿ

ಸೇವೆಯಲ್ಲಿ ಲೋಪವಾದಾಗ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಕಾಯ್ದಿರಿಸಿದ ಬೋಗಿಗೆ ಅನಧಿಕೃತರು ನುಗ್ಗಿ ಪ್ರಯಾಣಿಕರ ಮೇಲೆ ಹಲ್ಲೆಯಾದ ಸುಮತಿದೇವಿ ಧನವಟೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ರೈಲ್ವೆಯನ್ನು ಹೊಣೆಯಾಗಿಸಿತು. ಆದರೆ 2023ರಲ್ಲಿ, ಸೊಂಟದ ಪಟ್ಟಿಯಲ್ಲಿದ್ದ ಹಣ ಕಳುವಾದ ಪ್ರಯಾಣಿಕನ ದಾವೆಯಲ್ಲಿ, ತನ್ನ ವಸ್ತುವನ್ನು ತಾನೇ ಕಾಯಲಾಗದವನು ರೈಲ್ವೆಯನ್ನು ದೂರುವಂತಿಲ್ಲವೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಎರಡನ್ನೂ ಒಟ್ಟಿಗೆ ನೋಡಿದರೆ, ಬೋಗಿಯ ಶಿಸ್ತು ರೈಲ್ವೆಯ ಹೊಣೆ, ಕೈಯೊಳಗಿನ ಗಂಟು ಪ್ರಯಾಣಿಕನ ಹೊಣೆ ಎಂದು ಸ್ಥೂಲವಾಗಿ ತಿಳಿಯಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನ ಹಾದಿಯಲ್ಲಿ ನಡೆದ ಅನ್ಯಾಯಕ್ಕೆ ಆದವಾನಿಯವರು ಕರ್ನೂಲಿಗೆ ಹೋದರೆ ಸಾಕು. 5 ಲಕ್ಷ ರೂಪಾಯಿಯವರೆಗಿನ ವಿಷಯಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಟಿಕೆಟ್ಟು, 139ರಲ್ಲಿ ದಾಖಲಾದ ದೂರಿನ ಸಂಖ್ಯೆ, ಸಾಧ್ಯವಾದರೆ ಸಹಪ್ರಯಾಣಿಕರೊಬ್ಬರ ಹೇಳಿಕೆ ಇವುಗಳನ್ನು ಜೋಪಾನವಾಗಿ ಇಟ್ಟುಕೊಂಡವರ ದೂರಿಗೆ ಬಲವಿರುತ್ತದೆ. ಬಾಯಿಮಾತಿನ ಜಗಳಕ್ಕೆ ಸಾಕ್ಷ್ಯವಿರುವುದಿಲ್ಲ.

ಇದಕ್ಕಿಂತ ದೊಡ್ಡ ದೂರೊಂದಿದೆ, ಅದು ಒಬ್ಬರದಲ್ಲ. ಪ್ರತಿ ಬೋಗಿಯಲ್ಲಿ ಎಷ್ಟು ಜನ ಹೋಗಬಹುದೆಂಬುದನ್ನು ನಿಗದಿಮಾಡಿ ಎದ್ದು ಕಾಣುವಂತೆ ಬರೆಯಬೇಕೆಂದು 1890ರ ಕಾಯ್ದೆಯ 63ನೆಯ ಕಲಮು ವಿಧಿಸಿತ್ತು. ಗಾಂಧಿಯವರು ಕಂಡ 22 ಎಂಬ ಅಂಕಿ ಅದರ ಫಲ. ತುಂಬಿದ ಬೋಗಿಗೆ ಜನರನ್ನು ಬಲವಂತವಾಗಿ ಹತ್ತಿಸಿದ ನೌಕರನಿಗೆ 102ನೆಯ ಕಲಮಿನಂತೆ 20 ರೂಪಾಯಿಯವರೆಗೆ ದಂಡವೂ ಇತ್ತು. ಗಾರ್ಡು ನೂಕುತ್ತಲೇ ಇದ್ದನೆಂಬುದು ಬೇರೆ ಮಾತು. ಈಗಿನ ಕಾಯ್ದೆಯ 57ನೆಯ ಕಲಮೂ ಅದನ್ನೇ ವಿಧಿಸುತ್ತದೆ. ಹಿಂದಿ, ಇಂಗ್ಲಿಷುಗಳೊಡನೆ ಆ ರೈಲ್ವೆ ಹಾದುಹೋಗುವ ಪ್ರದೇಶಗಳಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿಯೂ ಬರೆಯಬೇಕೆನ್ನುತ್ತದೆ. 2025ರ ಫೆಬ್ರವರಿ 15ರಂದು ನವದೆಹಲಿ ನಿಲ್ದಾಣದಲ್ಲಿ ಕಾಲ್ತುಳಿತಕ್ಕೆ ಜನ ಬಲಿಯಾದ ಮೇಲೆ ದೆಹಲಿ ಉಚ್ಚ ನ್ಯಾಯಾಲಯವು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರಲ್ಲಿ ಈ 57ನೆಯ ಕಲಮಿನ ಪಾಲನೆಯನ್ನೇ ಕುರಿತು ರೈಲ್ವೆಯನ್ನು ಪ್ರಶ್ನಿಸಿತು.

ಬೋಗಿಯೊಳಗೆ ಜಗಳವಾಡುವ ಇಬ್ಬರೂ ಒಂದೇ ಕೊರತೆಯ ಎರಡು ತುದಿಗಳಲ್ಲಿ ಇರುವವರು. ಸಾಮಾನ್ಯ ಬೋಗಿಗಳು ಹೆಚ್ಚಾದರೆ, ಗುಂತಕಲ್ಲು–ರಾಯಚೂರು ನಡುವೆ ಹಗಲು ಗಾಡಿಗಳು ಹೆಚ್ಚಾದರೆ, ಕೋಸಿಗಿಯ ಕೂಲಿಕಾರನು ಸ್ಲೀಪರ್ ಬೋಗಿಯ ಬಾಗಿಲಿಗೆ ಬರಬೇಕಾಗಿಯೇ ಇಲ್ಲ. ಆ ಬೇಡಿಕೆಯನ್ನು ಗುಂತಕಲ್ಲು ವಿಭಾಗದ ಅಧಿಕಾರಿಗಳಿಗೂ ವಿಭಾಗೀಯ ಪ್ರಯಾಣಿಕರ ಸಲಹಾ ಸಮಿತಿಗೂ ಸಂಸದರಿಗೂ ಬರೆಯಬೇಕಾದವರು ಈ ಇಬ್ಬರೂ ಸೇರಿ. ಅರ್ಜಿ ಬರೆಯುವುದನ್ನು ಪ್ರೌಢಶಾಲೆಯ ಮಕ್ಕಳಿಗೆ ತರಗತಿಯಲ್ಲಿ ಕಲಿಸುತ್ತಾರೆ. ಕಾಲ್ಪನಿಕ ವಿಷಯಗಳ ಬದಲು ಒಮ್ಮೆ ಈ ವಿಷಯವನ್ನು ಕೊಟ್ಟು ಬರೆಯಿಸಿ, ಪಾಲಕರ ಸಹಿಯೊಡನೆ ಗುಂತಕಲ್ಲಿಗೆ ಕಳಿಸಬಹುದು. ಅಂಚೆಗೆ ತಗಲುವ ವೆಚ್ಚ ಒಂದು ಪ್ಲಾಟ್‌ಫಾರ್ಮ್ ಟಿಕೆಟ್ಟಿಗಿಂತ ಬಹಳ ಹೆಚ್ಚಾಗದು.